ಎಡಗಡೆ ಸೀಟಿನ ನಿದ್ದೆ

ಕಾರು ನಿಂತ ಕುಲುಕಿಗೆ ಹೇಮಶ್ರೀಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ಎದುರಿಗೆ ತಲಘಟ್ಟಪುರ ಎಂಬ ಬೋರ್ಡು. ಅವಳು ಕಣ್ಣು ಮುಚ್ಚಿದ್ದು ಸಾರಕ್ಕಿ ಸಿಗ್ನಲ್ಲಿನಲ್ಲಿ. ನಡುವಿನ ಅಷ್ಟುದ್ದದ ಕನಕಪುರ ರಸ್ತೆ ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಲೇಬೇಕಾದವಳು ಅವಳು. ಕಾರಿನ ಎರಡೂ ಬಾಗಿಲ ಮೇಲೆ ‘ಹೇಮಶ್ರೀ ಲೇಡೀಸ್ ಡ್ರೈವಿಂಗ್ ಸ್ಕೂಲ್, ತ್ಯಾಗರಾಜನಗರ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಅವಳು ಕುಳಿತಿದ್ದು ಎಡಗಡೆಯ ಸೀಟಿನಲ್ಲಿ, ಅಂದರೆ ಕಲಿಸುವವರ ಸೀಟಿನಲ್ಲಿ. ಕಲಿಯುವವರು ತಪ್ಪಿದರೆ ಒತ್ತಲೆಂದು ಇಟ್ಟಿರುವ ಎರಡನೇ ಬ್ರೇಕು ಅವಳ ಕಾಲ ಕೆಳಗೇ ಇತ್ತು.

"ಎಲ್ಲಿಗೆ ಬಂದ್ವೇ?" ಎಂದಳು.

ಸ್ಟೀರಿಂಗ್ ಹಿಡಿದಿದ್ದ ಭಾಗ್ಯಜ್ಯೋತಿಗೆ ಅದು ನಾಲ್ಕನೇ ಕ್ಲಾಸು. ವಿಜಯಪುರದ ಕಡೆಯ ಹುಡುಗಿ. ಬಿಟಿಎಂ ಲೇಔಟಿನಲ್ಲಿ ಒಂದು ರೂಮು ಮಾಡಿಕೊಂಡು ಅಲ್ಲೇ ಯಾವುದೋ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. "ಸೀದಾ ಹೋಗು ಅಂದಿದ್ರಿ ಮೇಡಂ. ತಿರುಗ್ಸು ಅಂತ ಅನ್ಲೇ ಇಲ್ಲ ನೀವು. ಸೀದಾ ಬಂದೀನಿ," ಎಂದಳು.

"ಸಿಗ್ನಲ್ಲು?"

"ಕೋಣನಕುಂಟೆ ಕ್ರಾಸಿನ್ಯಾಗ ಕೆಂಪ ಇತ್ರಿ, ನಿಂತೆ. ಹಸರ ಬಿತ್ತು, ಹೊಂಟೆ. ಒಂದ್ ಬಸ್ಸಿಗೆ ಓವರ್‌ಟೇಕೂ ಹೊಡದೀನ್ರಿ."

"ನಾನು ಮಲಗಿದ್ದು ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ಲಾರ್ದ ಇರ್ತದೇನ್ರಿ? ಗೊರಕಿ ಇಂಜಿನ್ನಿಗಿಂತ ಜೋರಿತ್ತು. ನಡುನಡುವ ಗಪ್ಪನ ನಿಂತು ಬಿಡ್ತಿತ್ತು, ಆವಾಗ ಅಂಜಿಕಿ ಬರ್ತಿತ್ರಿ ನನಗ. ಮತ್ತ ಒಮ್ಮಿಗೇ ಹಾಂ ಅಂತ ಉಸುರು ಎಳೀತಿದ್ರಿ. ಸಮಾಧಾನ ಆಗ್ತಿತ್ತು."

ಭಾಗ್ಯಜ್ಯೋತಿ ಆವತ್ತು ಕಾರು ಓಡಿಸುವುದನ್ನು ಕಲಿತುಬಿಟ್ಟಳು. ಇಷ್ಟು ಕಡಿಮೆ ಮಾತಾಡಿ ಇಷ್ಟು ಚೆನ್ನಾಗಿ ಕಲಿಸಿದ ಗುರು ಇಡೀ ಬೆಂಗಳೂರು ದಕ್ಷಿಣದಲ್ಲಿ ಇನ್ನೊಬ್ಬರಿರಲಾರರು. ಆದರೆ ಗುರು ಕಾರಿನಿಂದಿಳಿದು ರಸ್ತೆಯಂಚಿಗೆ ಬಂದಳು. ಹನ್ನೊಂದು ವರ್ಷದಿಂದ ಹೇಮಶ್ರೀ ಆ ಸೀಟಿನಲ್ಲಿ ಕುಳಿತಿದ್ದಳು. ಗಂಡನ ಕಾರಿನ ಹ್ಯಾಂಡ್‌ಬ್ರೇಕನ್ನೂ ಮುಟ್ಟದಿದ್ದ ಎಷ್ಟೋ ಹೆಂಗಸರು ಪಕ್ಕದಲ್ಲಿ ಅವಳಿದ್ದಾಳೆಂಬ ಒಂದೇ ಧೈರ್ಯದಿಂದ ರಿಂಗ್ ರೋಡಿಗೆ ಇಳಿದಿದ್ದರು. ಅವಳ ಹೆಸರಿನಲ್ಲಿ ಪ್ರಪಂಚದಲ್ಲಿ ಇದ್ದದ್ದು ಆ ಸ್ಕೂಲೊಂದೇ. ಮನೆ ಗಂಡನ ಹೆಸರಿನಲ್ಲಿತ್ತು, ಗ್ಯಾಸು ಅತ್ತೆಯ ಹೆಸರಿನಲ್ಲಿತ್ತು. ಈ ನಿದ್ದೆಯ ರೋಗ ವಾಸಿಯಾಗುವ ತನಕ ಆ ಸೀಟಿನಲ್ಲಿ ಕೂರುವುದಿಲ್ಲ ಎಂದು ಅವಳು ಅಲ್ಲೇ ತಲಘಟ್ಟಪುರದಲ್ಲಿ ನಿಂತು ತೀರ್ಮಾನಿಸಿದಳು. ಹೊಸ ಬ್ಯಾಚು ಶುರುವಾಗುವುದು ಪ್ರತಿವರ್ಷ ವಿಜಯದಶಮಿಯ ಬೆಳಿಗ್ಗೆ. ಅದಕ್ಕೆ ಇನ್ನೂ ಮೂರು ತಿಂಗಳಿತ್ತು. ಅಷ್ಟರಲ್ಲಿ ವಾಸಿಯಾಗದಿದ್ದರೆ ಸ್ಕೂಲು ಮುಚ್ಚುವುದು.

ಮನೆಯಲ್ಲಿ ವಿಷಯ ಹೇಳಿದಾಗ ಗಂಡ ಕಿಟ್ಟಿ ಪೇಪರಿನಿಂದ ತಲೆ ಎತ್ತಲಿಲ್ಲ. "ನೀನು ಗೊರಕೆ ಹೊಡೀತೀಯಾ? ಸುಮ್ನಿರು ಹೇಮಾ. ಇಪ್ಪತ್ತಮೂರು ವರ್ಷದಲ್ಲಿ ನಾನು ಒಂದ್ ದಿನಾನೂ ಕೇಳಿಲ್ಲ," ಎಂದ. ಕಿಟ್ಟಿ ವಿಮಾ ಕಂಪನಿಯೊಂದರಲ್ಲಿ ಅಧಿಕಾರಿ. ಸಾಕ್ಷಿಯಿಲ್ಲದ ಕ್ಲೇಮನ್ನು ಒಪ್ಪಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

"ಗೊರಕೆ ಗಂಡಸರಿಗೆ ಬರೋದು ಕಣೇ. ನಮ್ಮ ಮನೆತನದಲ್ಲಿ ಹೆಂಗಸರು ಗೊರಕೆ ಹೊಡೆದಿದ್ದು ಕಂಡಿಲ್ಲ, ಕೇಳಿಲ್ಲ," ಎಂದರು ಅತ್ತೆ ಸೀತಮ್ಮ. ಕಿಟ್ಟಿಯ ಗೊರಕೆಗೆ ಎದುರು ಮನೆಯ ನಾಯಿ ಎದ್ದು ಕೂತು ಉತ್ತರ ಕೊಡುತ್ತಿತ್ತು. ಸೀತಮ್ಮನವರಿಗೆ ಅದೊಂದು ಹೆಮ್ಮೆಯ ವಿಷಯ. ಅವನ ಅಪ್ಪನದೂ ಹೀಗೇ ಗಂಭೀರವಾದ ನಿದ್ದೆ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಅಂತೂ ಚಿಕಿತ್ಸೆ ಶುರುವಾಯಿತು. ಮೊದಲನೆಯದು ಸೀತಮ್ಮನವರದೇ. ಮಲಗುವಾಗ ಮೂಗಿನ ಹೊಳ್ಳೆಗೆ ಎರಡೆರಡು ತೊಟ್ಟು ಬೆಚ್ಚಗಿನ ತುಪ್ಪ. ವಾರದಲ್ಲಿ ದಿಂಬು ಒಬ್ಬಟ್ಟಿನ ಹಾಗೆ ಘಮಘಮಿಸತೊಡಗಿತು, ಇರುವೆ ಹತ್ತಿದವು, ಗೊರಕೆ ಮಾತ್ರ ಕದಲಲಿಲ್ಲ. ಜಯನಗರದ ಒಬ್ಬ ಡಾಕ್ಟರು ಮೂಗಿನ ಮೂಳೆ ಸೊಟ್ಟಗಿದೆ, ಕೊಯ್ದು ನೇರ ಮಾಡೋಣ ಎಂದರು. ಬನಶಂಕರಿಯ ಇನ್ನೊಬ್ಬರು ಮೂಗು ಲಕ್ಷಣವಾಗಿದೆ, ಗಂಟಲೇ ಸಡಿಲ ಎಂದರು. ಹಲ್ಲಿನ ಡಾಕ್ಟರು ದವಡೆ ಹಿಂದಕ್ಕಿದೆ ಎಂದು ಹೇಳಿ ಕುದುರೆಯ ಕಡಿವಾಣದಂಥದ್ದೊಂದನ್ನು ಬಾಯಿಗೆ ಮಾಡಿಸಿಕೊಟ್ಟರು. ಅದನ್ನು ಹಾಕಿಕೊಂಡು ಮಲಗಿದರೆ ಬೆಳಿಗ್ಗೆ ದೋಸೆ ಅಗಿಯಲೂ ಆಗುತ್ತಿರಲಿಲ್ಲ. ಪಾರ್ಕಿನ ಯೋಗದ ಮೇಷ್ಟ್ರು ನಾಲಿಗೆ ಹೊರಕ್ಕೆ ಚಾಚಿ ಸಿಂಹದ ಹಾಗೆ ಗರ್ಜಿಸಲು ಹೇಳಿದರು. ಹೇಮಶ್ರೀ ಹದಿನೈದು ದಿನ ಗರ್ಜಿಸಿದಳು. ಒಂದು ಮಗು ಹೆದರಿ ಅತ್ತಿದ್ದು ಬಿಟ್ಟರೆ ಬೇರೆ ಪರಿಣಾಮವಾಗಲಿಲ್ಲ. ಯಾರೋ ಅಂಗಾತ ಮಲಗಬಾರದು ಎಂದರು ಅಂತ ನೈಟಿಯ ಬೆನ್ನಿಗೆ ಟೆನಿಸ್ ಚೆಂಡು ಹೊಲಿದುಕೊಂಡದ್ದೂ ಆಯಿತು. ಇನ್ನು ತೂಕ ಇಳಿಸಿ ಎಂದು ಎಲ್ಲ ಡಾಕ್ಟರೂ ಹೇಳಿದರು. ಆ ಸಲಹೆಗೆ ಟೋಕನ್ ತಗೊಂಡು ಕಾಯಬೇಕಾಗಿಯೇ ಇರಲಿಲ್ಲ. ಸೊಸೆಯ ತೂಕದ ಬಗ್ಗೆ ಸೀತಮ್ಮನವರು ಮದುವೆಯಾದಾಗಿನಿಂದ ಉಚಿತ ಸೇವೆ ಕೊಡುತ್ತಿದ್ದರು.

ಕೊನೆಗೆ ನಿದ್ದೆಗೆಂದೇ ಒಬ್ಬ ಡಾಕ್ಟರಿದ್ದಾರೆ ಎಂದು ತಿಳಿದು ಹೇಮಶ್ರೀ ಜೆಪಿ ನಗರದ ಆಸ್ಪತ್ರೆಗೆ ಹೋದಳು. ಅಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡುತ್ತಾರೆ. ತಲೆಗೆ, ಎದೆಗೆ, ಕಾಲಿಗೆ ವೈರು ಅಂಟಿಸುತ್ತ ನರ್ಸು, "ಇಷ್ಟೊಂದು ವೈರಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲ್ಲ ಮೇಡಂ, ಟ್ರೈ ಮಾಡಿ," ಎನ್ನುತ್ತಿದ್ದಳು. ಆ ವಾಕ್ಯದ ಕೊನೆ ಹೇಮಶ್ರೀಗೆ ಕೇಳಿಸಲಿಲ್ಲ. ಬೆಳಿಗ್ಗೆ ಆರಕ್ಕೆ ಎಬ್ಬಿಸುವ ತನಕ ಅವಳನ್ನು ಯಾರೂ ಏನೂ ಕೇಳಲಿಲ್ಲ. ಅರ್ಧ ರಾತ್ರಿಯ ತನಕ ಸುಮ್ಮನೆ ನೋಡಿದರಂತೆ: ಗಂಟೆಗೆ ನಲವತ್ತೊಂದು ಸಲ ಉಸಿರು ನಿಂತು ನಿದ್ದೆ ಕೆಟ್ಟಿತ್ತು, ಹಗಲಿನ ತೂಕಡಿಕೆ ಅದಕ್ಕೇ. ಆಮೇಲೆ ಮೂಗಿಗೆ ಮಾಸ್ಕು ಹಾಕಿ, ಗಾಳಿ ಊದುವ ಸಿಪ್ಯಾಪ್ ಎಂಬ ಮೆಷೀನು ಹಚ್ಚಿದರಂತೆ: ಗಂಟೆಗೆ ಎರಡೇ ಸಲ. ಎದ್ದಾಗ ತಲೆನೋವಿರಲಿಲ್ಲ. ಕಿಟಕಿಯಾಚೆಯ ತೆಂಗಿನ ಗರಿ ಒಂದೊಂದಾಗಿ ಬಿಡಿಸಿ ಕಾಣುತ್ತಿತ್ತು. ಲೋಕ ಇಷ್ಟು ಸ್ಪಷ್ಟವಾಗಿದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

"ಅಷ್ಟೇ ಮೇಡಂ, ಸಿಂಪಲ್," ಎಂದರು ಡಾಕ್ಟರು. "ಇದೇ ಮೆಷೀನ್ ಮನೇಲಿ ಹಾಕ್ಕೊಂಡು ಮಲಗಿ. ದಿನಾ ಕನಿಷ್ಠ ನಾಲ್ಕು ಗಂಟೆ ಆಗ್ಬೇಕು. ಒಳಗೆ ಚಿಪ್ ಇದೆ, ಎಷ್ಟೊತ್ತು ಹಾಕ್ಕೊಂಡ್ರಿ ಅನ್ನೋದು ನಮಗೆ ಗೊತ್ತಾಗುತ್ತೆ."

ಮನೇಲಿ ಎಂಬ ಪದದ ಬಗ್ಗೆ ಡಾಕ್ಟರು ಹೆಚ್ಚು ಯೋಚಿಸಿದಂತೆ ಕಾಣಲಿಲ್ಲ.

ಮನೆಯಲ್ಲಿ ಕಿಟ್ಟಿ ಊಟಕ್ಕೆ ಏಳುವುದು ಟೀವಿಯಲ್ಲಿ ದೇಶದ ಸಮಸ್ಯೆಗಳೆಲ್ಲ ಬಗೆಹರಿದ ಮೇಲೆ, ಅಂದರೆ ಹತ್ತೂವರೆಗೆ. ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಕಾಳು ನೆನೆಸಿ ಹೇಮಶ್ರೀ ಮಾಸ್ಕು ಕಟ್ಟಿಕೊಳ್ಳುವಷ್ಟರಲ್ಲಿ ಹನ್ನೊಂದೂವರೆ. ರಾತ್ರಿ ಒಂದು ಗಂಟೆಗೆ ಸೀತಮ್ಮನವರು ದೇವರ ಗಂಟೆ ಅಲ್ಲಾಡಿಸುತ್ತಿದ್ದರು. ಬಾತ್‌ರೂಮಿಗೆ ಹೋಗಲು ಕೈ ಹಿಡಿದುಕೊಳ್ಳಬೇಕು. ಮೂರಕ್ಕೆ ಇನ್ನೊಮ್ಮೆ. ಕಿಟ್ಟಿಯ ಮಂಚ ಅಮ್ಮನ ರೂಮಿಗೆ ಹತ್ತಿರವಿತ್ತು, ಆದರೆ ಅವನದು ಗಂಭೀರವಾದ ನಿದ್ದೆ. ನಾಲ್ಕೂವರೆಗೆ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತಿತ್ತು; ಎದ್ದು ಮೋಟರು ಹಾಕಿ, ಟ್ಯಾಂಕು ತುಂಬುವ ತನಕ ಕಾಯಬೇಕು. ನೀರು ಬಾರದ ದಿನ ನೀರು ಬರಲಿಲ್ಲವಲ್ಲ ಎಂದು ಎಚ್ಚರವಾಗುತ್ತಿತ್ತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಆ ಗಾದೆ ಕಟ್ಟಿದವನು ಗಂಡಸೇ ಇರಬೇಕು. ಪ್ರತಿಸಲ ಎದ್ದಾಗಲೂ ಪಟ್ಟಿ ಬಿಚ್ಚಬೇಕು, ನಳಿಕೆ ಕಳಚಬೇಕು, ಮತ್ತೆ ಮಲಗಿದಾಗ ಎಲ್ಲ ಕಟ್ಟಿಕೊಳ್ಳಬೇಕು. ಇದರ ಮೇಲೆ ಮೆಷೀನಿನ ಸುಂಯ್ ಎಂಬ ಸದ್ದಿಗೆ ತನಗೆ ನಿದ್ದೆ ಹತ್ತುವುದಿಲ್ಲ ಎಂದು ಕಿಟ್ಟಿ ತಕರಾರು ತೆಗೆದ. ನಾಯಿಯ ಜೊತೆ ಜುಗಲ್‌ಬಂದಿ ಹಾಡುವವನು ಹಾಗೆ ಹೇಳಿದ್ದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಹೇಮಶ್ರೀ ಮೆಷೀನು ಎತ್ತಿಕೊಂಡು ನಡುಮನೆಯ ದಿವಾನಿಗೆ ಬಂದಳು.

ತಿಂಗಳ ಕೊನೆಗೆ ಡಾಕ್ಟರು ಚಿಪ್ಪು ಓದಿದರು. "ಸರಾಸರಿ ಒಂದು ಗಂಟೆ ಐವತ್ತು ನಿಮಿಷ! ನೀವು ಕೋಆಪರೇಟ್ ಮಾಡ್ತಿಲ್ಲ ಮೇಡಂ. ಮಾಸ್ಕ್ ಹಿಂಸೆ ಆಗುತ್ತಾ?"

ಹೇಮಶ್ರೀ ಏನು ಹೇಳಬೇಕು? ಡಾಕ್ಟರ ಫಾರಮ್ಮಿನಲ್ಲಿ ಕಾಫಿ ಎಷ್ಟು, ಸಿಗರೇಟು ಎಷ್ಟು, ಮದ್ಯ ಎಷ್ಟು ಎಂಬುದಕ್ಕೆಲ್ಲ ಜಾಗವಿತ್ತು. ಅತ್ತೆ ಎಷ್ಟು ಸಲ ಎಂಬುದಕ್ಕೆ ಜಾಗವಿರಲಿಲ್ಲ. "ಸ್ವಲ್ಪ ಹಿಂಸೆ ಆಗುತ್ತೆ ಡಾಕ್ಟ್ರೇ," ಎಂದಳು. ಅವರು ಮೂಗು ಮಾತ್ರ ಮುಚ್ಚುವ ಮಾಸ್ಕು ಬಿಡಿಸಿ ಬಾಯಿ ಮೂಗು ಎರಡನ್ನೂ ಮುಚ್ಚುವುದನ್ನು ಕೊಟ್ಟರು. ಆಮೇಲೆ ಅದನ್ನೂ ಬಿಡಿಸಿ ಹೊಳ್ಳೆಗೆ ತುರುಕುವ ಮೀಡಿಯಂ ಸೈಜಿನದನ್ನು ಕೊಟ್ಟರು. ಗಾಳಿಯ ಒತ್ತಡ ಏರಿಸಿದರು, ಇಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ವಿದ್ಯೆಗೆ ಅವರ ಗೋಡೆಯ ಮೇಲೆ ನಾಲ್ಕು ಸರ್ಟಿಫಿಕೇಟುಗಳಿದ್ದವು.

ಆದರೂ ಹೇಮಶ್ರೀ ಹಟ ಬಿಡಲಿಲ್ಲ. ದಿನಕ್ಕೆ ನಾಲ್ಕು ಗಂಟೆ ಮುಟ್ಟಿದರೆ ಸೀಟಿನಲ್ಲಿ ಕೂರಬಹುದು ಎಂದು ಡಾಕ್ಟರ ಬಾಯಿಂದಲೇ ಹೇಳಿಸಿಕೊಂಡು ಬಂದಿದ್ದಳು. ನವರಾತ್ರಿ ಶುರುವಾಗುವ ಹೊತ್ತಿಗೆ ಕಿಟ್ಟಿಯ ಊಟವನ್ನು ಟೇಬಲ್ಲಿನ ಮೇಲೆ ಮುಚ್ಚಿಟ್ಟು ಒಂಬತ್ತೂವರೆಗೇ ಮಲಗುವ ಅಪರಾಧವನ್ನು ಆರಂಭಿಸಿದಳು. ಕಿಟ್ಟಿ ಎರಡು ದಿನ ಮುಖ ಊದಿಸಿಕೊಂಡ. ಮೂರನೇ ದಿನ ತಾನೇ ಬಡಿಸಿಕೊಂಡದ್ದನ್ನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದ. ಮೆಷೀನಿನ ಪರದೆ ಮೂರು ಗಂಟೆ ತೋರಿಸಿತು, ಮೂರು ಗಂಟೆ ಇಪ್ಪತ್ತು, ಮೂರು ನಲವತ್ತು. ಅಷ್ಟಮಿಯ ರಾತ್ರಿ ನಾಲ್ಕು ಮುಟ್ಟಿತು. ಹೇಮಶ್ರೀ ಹೊಸ ಬ್ಯಾಚಿನ ಏಳು ಹೆಂಗಸರಿಗೂ ಫೋನು ಮಾಡಿ ವಿಜಯದಶಮಿಯ ಬೆಳಿಗ್ಗೆ ಏಳು ಗಂಟೆಗೆ ಬರಲು ಹೇಳಿದಳು. ಇನ್ನೊಂದು ರಾತ್ರಿ ಚೆನ್ನಾಗಿ ಮಲಗಿದರೆ ಸಾಕಿತ್ತು.

ಆ ಇನ್ನೊಂದು ರಾತ್ರಿ ಆಯುಧಪೂಜೆಯದು.

ಬೆಳಿಗ್ಗೆ ನಾಲ್ಕಕ್ಕೇ ಎದ್ದು ಹೇಮಶ್ರೀ ಕಾರು ತೊಳೆದು, ಬಾಳೆಕಂದು ಕಟ್ಟಿ, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಅಡುಗೆಮನೆ ಸೇರಿದಳು. ಇತ್ತ ಸೀತಮ್ಮನವರು ದೇವರ ಮುಂದೆ ಮಣೆ ಹಾಕಿ ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಜೋಡಿಸಿದರು: ಈಳಿಗೆ ಮಣೆ, ಕತ್ತರಿ, ಹೊಲಿಗೆ ಮೆಷೀನು, ಮಿಕ್ಸಿ, ಕಿಟ್ಟಿಯ ಲ್ಯಾಪ್‌ಟಾಪು, ಎಲ್ಲದರ ಕೊನೆಗೆ ಸೊಸೆಯ ಸಿಪ್ಯಾಪು. ಅವರು ಕೆಟ್ಟವರಲ್ಲ. ಸೊಸೆಯ ಮೆಷೀನು ಸೊಸೆಯ ಹಾಗೇ ಹಟ ಮಾಡುತ್ತಿದೆಯಂತೆ, ಹೊಸ ವಸ್ತು, ಪೂಜೆಯಾಗಿಲ್ಲ, ಅದಕ್ಕೇ ಕೈಹಿಡಿಯುತ್ತಿಲ್ಲ ಎಂದು ಅವರಿಗೆ ನಿಜವಾಗಿ ಅನ್ನಿಸಿತ್ತು. ಹಾಗಾಗಿ ಅದಕ್ಕೆ ವಿಶೇಷ ಪೂಜೆ. ಅರಿಶಿನ ಕುಂಕುಮ ಹಚ್ಚಿದರು. ಹಿಂಭಾಗದಲ್ಲಿ ಸಣ್ಣ ಸಣ್ಣ ಕಿಂಡಿಗಳಿದ್ದವು, ಅಲ್ಲಿಗೆ ಕೈತುಂಬ ಅಕ್ಷತೆ ಹಾಕಿದರು. ಪಕ್ಕದಲ್ಲಿ ನೀರು ತುಂಬುವ ಪುಟ್ಟ ಡಬ್ಬಿ ಖಾಲಿಯಿತ್ತು. ಖಾಲಿ ಪಾತ್ರೆ ದೇವರ ಮುಂದಿಡಬಾರದು ಎಂದು ಪಚ್ಚಕರ್ಪೂರ, ತುಳಸಿ ಹಾಕಿದ ತೀರ್ಥವನ್ನೇ ತುಂಬಿದರು.

"ಅತ್ತೆ, ರಾತ್ರಿಗೆ ಅದು ಬೇಕು ನಂಗೆ," ಎಂದಳು ಹೇಮಶ್ರೀ.

"ಏನಂದೆ? ಪೂಜೆಗಿಟ್ಟ ಆಯುಧ ನಾಳೆ ತನಕ ಮುಟ್ಟೋ ಹಾಗಿಲ್ಲ. ಅದಕ್ಕೂ ವರ್ಷದಲ್ಲಿ ಒಂದ್ ದಿನ ವಿಶ್ರಾಂತಿ ಬೇಡ್ವೇನೇ? ಒಂದು ರಾತ್ರಿ ಗಾಳಿ ಊದಿಸ್ಕೊಳ್ದೆ ಇದ್ರೆ ಪ್ರಾಣ ಹೋಗುತ್ತಾ?"

ಹೋಗುತ್ತೆ ಅತ್ತೆ, ಗಂಟೆಗೆ ನಲವತ್ತೊಂದು ಸಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಚಟ್ನಿಯಿಲ್ಲದೆ ವಡೆ ಹೇಗೆ ತಿನ್ನುವುದು ಎಂದು ಕಿಟ್ಟಿ ಕೇಳಿದ. ಅಡುಗೆಯ ಸಾಮಾನಿಗೆ ದೋಷವಿಲ್ಲ ಎಂದು ಸೀತಮ್ಮನವರು ಮಿಕ್ಸಿಯನ್ನೂ ಈಳಿಗೆ ಮಣೆಯನ್ನೂ ಸಾಲಿನಿಂದ ಎತ್ತಿಕೊಟ್ಟರು. ಮಧ್ಯಾಹ್ನ ಕಿಟ್ಟಿಗೆ ಮ್ಯಾನೇಜರ ಫೋನು ಬಂತು. ಅನ್ನ ಕೊಡುವ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಲ್ಯಾಪ್‌ಟಾಪೂ ಎದ್ದು ಹೋಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಸಂಜೆಯ ಹೊತ್ತಿಗೆ ಆ ಸಾಲಿನಲ್ಲಿ ಪೂರ್ಣ ವಿಶ್ರಾಂತಿ ಸಿಕ್ಕಿದ್ದು ಕತ್ತರಿಗೆ, ಹೊಲಿಗೆ ಮೆಷೀನಿಗೆ ಮತ್ತು ಸಿಪ್ಯಾಪಿಗೆ. ಬೆಳಿಗ್ಗೆ ನಾಲ್ಕರಿಂದ ನಿಂತೇ ಇದ್ದ ಹೇಮಶ್ರೀಯನ್ನು ಆ ಮನೆಯಲ್ಲಿ ಯಾರೂ ಆಯುಧಗಳ ಲೆಕ್ಕಕ್ಕೆ ಸೇರಿಸಿರಲಿಲ್ಲ. ಸೇರಿಸಿದ್ದರೆ ಅವಳಿಗೂ ಒಂದು ರಜೆ ಸಿಗುತ್ತಿತ್ತು.

ಎಲ್ಲರೂ ಮಲಗಿದ ಮೇಲೆ ಅವಳು ಸದ್ದಿಲ್ಲದೆ ಹೋಗಿ ಮೆಷೀನನ್ನು ದೇವರ ಮುಂದಿನಿಂದ ಎತ್ತಿಕೊಂಡು ಬಂದಳು. ಬೆಳಿಗ್ಗೆ ಏಳು ಜನ ಹೆಂಗಸರು ಅವಳನ್ನು ನಂಬಿಕೊಂಡು ಬರುವವರಿದ್ದರು; ದೇವರಿಗೆ ಇದು ಅರ್ಥವಾಗುತ್ತದೆ ಎಂದುಕೊಂಡಳು. ಮೇಲಿನ ಹೂವು ತೆಗೆದು, ಬಟ್ಟೆಯಲ್ಲಿ ಒರೆಸಿ, ಮಾಸ್ಕು ಕಟ್ಟಿ, ಗುಂಡಿ ಒತ್ತಿದಳು. ಮೊದಲು ಪಚ್ಚಕರ್ಪೂರದ ಗಾಳಿ ಗರ್ಭಗುಡಿಯಂತೆ ಮೂಗಿಗೆ ನುಗ್ಗಿತು. ಹಿಂದೆಯೇ ಒಂದು ಮುಷ್ಟಿ ಕುಂಕುಮ. ಆಮೇಲೆ ಒಳಗೆಲ್ಲೋ ಕಡಲೆ ಹುರಿಯುವ ಹಾಗೆ ಅಕ್ಷತೆ ಚಟಪಟ ಸಿಡಿದು, ಮೆಷೀನು ಒಂದು ಸಲ ಗೊರಕೆಯಂಥದೇ ಸದ್ದು ಮಾಡಿ, ಉಸಿರು ನಿಲ್ಲಿಸಿತು. ಅದಕ್ಕೆ ಮತ್ತೆ ಉಸಿರು ಬರಲಿಲ್ಲ.

"ಮುಟ್ಬೇಡ ಅಂದಿದ್ದೆ. ಮುಟ್ಟಿದೆ, ಕೆಟ್ಟುಹೋಯ್ತು," ಎಂದರು ಸೀತಮ್ಮ ಬೆಳಿಗ್ಗೆ. ಶಾಸ್ತ್ರ ಇಷ್ಟು ಬೇಗ ರುಜುವಾತಾದದ್ದು ಅವರಿಗೂ ಆಶ್ಚರ್ಯವೇ.

ಏಳು ಗಂಟೆಗೆ ಹೆಂಗಸರು ಬಂದರು. ವಿಜಯದಶಮಿಯ ವಿದ್ಯಾರಂಭ ಎಂದು ರೇಷ್ಮೆ ಸೀರೆ ಉಟ್ಟು, ಗುರುವಿಗೆಂದು ಎಲೆ ಅಡಿಕೆ ತೆಂಗಿನಕಾಯಿ ತಂದಿದ್ದರು. ರಾತ್ರಿಯಿಡೀ ಗೋಡೆಗೊರಗಿ ಕೂತಿದ್ದ ಹೇಮಶ್ರೀಯ ಕಣ್ಣು ಕೆಂಡದಂತಿತ್ತು. ಎಡಗಡೆ ಸೀಟಿನ ಬಾಗಿಲು ತೆರೆದಳು. ಮುಚ್ಚಿದಳು. "ನನಗೊಂದು ಕಾಯಿಲೆ ಇದೆ. ಕೂತಲ್ಲೇ ನಿದ್ದೆ ಬಂದುಬಿಡುತ್ತೆ. ಅದಕ್ಕೆ ಹಾಕ್ಕೊಳ್ಳೋ ಮೆಷೀನ್ ರಾತ್ರಿ ಕೆಟ್ಟುಹೋಯ್ತು. ಈ ಸ್ಥಿತೀಲಿ ನಿಮ್ಮ ಪಕ್ಕ ಕೂರಲ್ಲ ನಾನು," ಎಂದಳು. ಹೇಳುವಾಗ ಅವಳಿಗೆ ಅಳು ಬಂತು, ಅಡಗಿಸಲೂ ಇಲ್ಲ. ಆರು ಜನ ಎಲೆ ಅಡಿಕೆ ಕೊಟ್ಟು, ಪಾಪ ಎಂದು ಹೇಳಿ, ಬೇರೆ ಸ್ಕೂಲಿನ ಫೋನ್ ನಂಬರು ಹುಡುಕುತ್ತ ಹೋದರು. ಕುಮಾರಸ್ವಾಮಿ ಲೇಔಟಿನಲ್ಲಿ ಹೂವಿನಂಗಡಿ ಇಟ್ಟಿದ್ದ ಮುನಿವೆಂಕಟಮ್ಮ ಮಾತ್ರ ಕದಲಲಿಲ್ಲ. ಅರವತ್ತರ ಹತ್ತಿರದ ಹೆಂಗಸು.

"ಮಿಷನ್ನು ರಿಪೇರಿ ಆಗ್ಲಿ ತಾಯಿ, ನಾನು ಕಾಯ್ತೀನಿ," ಎಂದರು. "ಬೇರೆ ಕಡೆ ಹೋದ್ರೆ ಅವ್ರು ನಿದ್ದೆ ಮಾಡಲ್ಲ ಅಂತ ಏನ್ ಗ್ಯಾರಂಟಿ? ನೀವಾದ್ರೆ ಹೇಳಿ ಮಾಡ್ತೀರ."

ಬಿಟಿಎಂ ಲೇಔಟಿನ ಸರ್ವಿಸ್ ಸೆಂಟರಿನಲ್ಲಿ ಬಸವಂತ ಎಂಬ ಮೆಕ್ಯಾನಿಕ್ಕು ಮೆಷೀನು ಬಿಚ್ಚಿ ಟಾರ್ಚು ಹಾಕಿ ಒಳಗೆ ನೋಡಿದ. "ಮೇಡಂ, ಇದ್ರೊಳಗೆ ಅಕ್ಕಿ ಇದೆ. ತುಳಸಿ ಇದೆ. ಜಿರಳೆ ಹೋಗಿದ್ದು ನೋಡಿದೀನಿ, ಇದು ಫಸ್ಟ್ ಟೈಮು," ಎಂದ. ನೀರು ಒಳಗೆ ಹೋದರೆ ವಾರಂಟಿ ಇಲ್ಲ ಎಂದು ಕಾಗದದಲ್ಲಿತ್ತು. ತೀರ್ಥದ ಬಗ್ಗೆ ಏನೂ ಇರಲಿಲ್ಲವಾದ್ದರಿಂದ ಮೇಲಿನವರನ್ನು ಕೇಳಬೇಕಾಯಿತು. ಎಲ್ಲ ಸೇರಿ ಮೂರು ವಾರ ಹಿಡಿಯಿತು.

ಮೂರು ವಾರದ ನಂತರದ ಶನಿವಾರ ಮೆಷೀನು ತರಲು ಭಾಗ್ಯಜ್ಯೋತಿಯೇ ಸ್ಕೂಲಿನ ಕಾರು ಓಡಿಸಿಕೊಂಡು ಹೇಮಶ್ರೀಯನ್ನು ಕರೆತಂದಳು. ಅವಳಿಗೆ ಅಷ್ಟರಲ್ಲಿ ಲೈಸೆನ್ಸು ಬಂದಿತ್ತು. ಹಿಂದಿನ ಸೀಟಿನಲ್ಲಿ ಹೇಮಶ್ರೀ ನಾಲ್ಕು ಸಲ ತೂಕಡಿಸಿದ್ದನ್ನು ಕನ್ನಡಿಯಲ್ಲಿ ನೋಡಿದ ಹುಡುಗಿ, ಮೆಷೀನು ಕೈಗೆ ಬಂದದ್ದೇ, "ಮನಿಗೆ ಒಯ್ದು ಮತ್ತ ಕೆಟ್ಟಿತ್ತಂದ್ರ ತಿರುಗಿ ಬರಬೇಕ್ರಿ ಮೇಡಂ. ನಮ್ಮ ರೂಮು ಇಲ್ಲೇ ಐತಿ. ಅರ್ಧ ತಾಸು ಹಾಕ್ಕೊಂಡು ನೋಡ್ರಿ," ಎಂದಳು. ಮೂರನೇ ಮಹಡಿಯ ಒಂದೇ ಕೋಣೆ. ಒಂದು ಮಂಚ, ಒಂದು ಪ್ಲಾಸ್ಟಿಕ್ ಕುರ್ಚಿ, ಊರಿಂದ ಬಂದ ರೊಟ್ಟಿಯ ಡಬ್ಬಿ. ಹೇಮಶ್ರೀ ಮಾಸ್ಕು ಕಟ್ಟಿಕೊಂಡು ಅರ್ಧ ತಾಸಿಗೆಂದು ಮಲಗಿದಾಗ ಮಧ್ಯಾಹ್ನ ಮೂರು ಗಂಟೆ.

ಮುಂದಿನದೆಲ್ಲ ಭಾಗ್ಯಜ್ಯೋತಿ ಆಮೇಲೆ ಹೇಳಿದ್ದು. ನಾಲ್ಕು ಗಂಟೆಗೆ ಕಿಟ್ಟಿಯ ಫೋನು ಬಂತು, ಕಾಫಿಯ ವಿಷಯ. ಐದಕ್ಕೆ ಬಂತು, ಅಮ್ಮನ ಮಾತ್ರೆಯ ವಿಷಯ. ಆರೂವರೆಗೆ ರಾತ್ರಿಯ ಅಡುಗೆಯ ವಿಷಯ. "ಮೇಡಂ ಮಲಗ್ಯಾರ್ರಿ," ಎಂದು ಮೂರು ಸಲವೂ ಹೇಳಿದಳು. "ಎಬ್ಬಿಸಮ್ಮ," ಎಂದ ಕಿಟ್ಟಿ. "ಡಾಕ್ಟರು ಬ್ಯಾಡ ಅಂದಾರ್ರಿ," ಎಂದು ಆ ಹುಡುಗಿ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಎಂಟು ಗಂಟೆಗೆ ಕಿಟ್ಟಿ ವಿಳಾಸ ಕೇಳಿಕೊಂಡು, ಆಟೋ ಮಾಡಿಕೊಂಡು ಖುದ್ದಾಗಿ ಬಂದ. ಮೂರು ಮಹಡಿ ಹತ್ತಿದ ಏದುಸಿರಿನಲ್ಲಿ ಬಾಗಿಲಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಹೆಂಡತಿ ಗೋಡೆಯ ಕಡೆ ಮುಖ ಮಾಡಿ, ಒಂದು ಕೈ ಕೆನ್ನೆಯ ಕೆಳಗಿಟ್ಟು, ಮಂಡಿ ಮಡಚಿ ಮಲಗಿದ್ದಳು.

"ಇವಳು ಹೀಗೇ ಮಲಗ್ತಾಳಾ?" ಎಂದು ಪಿಸುಗುಟ್ಟಿದನಂತೆ.

"ನನಗೇನ್ ಕೇಳ್ತೀರಿ ಸರ? ಹೆಂಡ್ತಿ ನಿಮ್ಮಾಕಿ ಅಲ್ಲೇನು?"

ಕಿಟ್ಟಿ ಮಲಗುವಾಗ ಅವಳು ಅಡುಗೆಮನೆಯಲ್ಲಿರುತ್ತಿದ್ದಳು, ಅವನು ಏಳುವಾಗಲೂ ಅಡುಗೆಮನೆಯಲ್ಲಿರುತ್ತಿದ್ದಳು. ಇಪ್ಪತ್ತಮೂರು ವರ್ಷದಲ್ಲಿ ಅವನು ಹೆಂಡತಿ ನಿದ್ದೆ ಮಾಡುವುದನ್ನು ನೋಡಿದ್ದು ಅದೇ ಮೊದಲು. ಕುರ್ಚಿ ಎಳೆದುಕೊಂಡು ಕೂತ. ಸ್ವಲ್ಪ ಹೊತ್ತಿಗೆ ಹೇಮಶ್ರೀ ಮಗ್ಗುಲು ಬದಲಿಸಿದಾಗ ಮಾಸ್ಕು ಜಾರಿತು. ಒಂದು ಗೊರಕೆ, ಇನ್ನೊಂದು, ಮೂರನೆಯದು ನಡುವಿನಲ್ಲೇ ನಿಂತಿತು. ಕೋಣೆ ನಿಶ್ಶಬ್ದವಾಯಿತು. ಕಿಟ್ಟಿ ಎದ್ದು ನಿಂತ. ಎದೆ ಏಳುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. "ಹೇಮಾ! ಏನಾಯ್ತೇ? ಅಯ್ಯೋ, ಉಸಿರೇ ಇಲ್ವಲ್ಲಮ್ಮ!" ಎಂದು ಕೂಗಿಕೊಂಡನಂತೆ. ಭಾಗ್ಯಜ್ಯೋತಿ ಹೋಗಿ ಮಾಸ್ಕು ಸರಿಮಾಡಿ, ಪಟ್ಟಿ ಬಿಗಿದಳು. ಉಸಿರು ಬಂತು. ಕಿಟ್ಟಿ ಮತ್ತೆ ಕೂತಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಎಬ್ಬಿಸುವ ಮಾತು ಎತ್ತದೆ, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದ.

ಹೇಮಶ್ರೀಗೆ ಎಚ್ಚರವಾದದ್ದು ಭಾನುವಾರ ಬೆಳಿಗ್ಗೆ ಐದೂವರೆಗೆ, ತಾನಾಗಿಯೇ. ಪರದೆಯ ಮೇಲೆ ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷ ಎಂದಿತ್ತು. ಉಸಿರು ನಿಂತದ್ದು ಗಂಟೆಗೆ ಎರಡು. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದಳು. ‘ನೋಡಿದ್ರಾ, ಮೀಡಿಯಂ ಸೈಜ್ ಮಾಸ್ಕ್ ಸೆಟ್ ಆಯ್ತು’ ಎಂದು ಅವರು ಉತ್ತರಿಸಿದರು. ಅವರ ಸಂತೋಷ ಕೆಡಿಸುವುದು ಬೇಡ ಎಂದು ಹೇಮಶ್ರೀ ಕೈಮುಗಿಯುವ ಚಿತ್ರ ಕಳಿಸಿ, ಮುನಿವೆಂಕಟಮ್ಮನಿಗೆ ಫೋನು ಮಾಡಿ ಬಿಟಿಎಂಗೇ ಬರಲು ಹೇಳಿದಳು.

ಏಳು ಗಂಟೆಗೆ ಕಿಟ್ಟಿ ಫ್ಲಾಸ್ಕಿನಲ್ಲಿ ಕಾಫಿ ತಂದ. ತಾನೇ ಮಾಡಿದ್ದಂತೆ. ಕುಡಿದ ತಕ್ಷಣ ಅದರಲ್ಲಿ ಅನುಮಾನ ಉಳಿಯಲಿಲ್ಲ. "ಹೇಮಾ, ನೀನು ಸತ್ತೇ ಹೋದೆ ಅಂದ್ಕೊಂಡೆ ನಿನ್ನೆ," ಎಂದ. "ಮನೆಗೆ ಬಾ. ಇನ್ಮೇಲೆ ಎಲ್ಲಾ ನಾನು ನೋಡ್ಕೋತೀನಿ."

ಕಿಟ್ಟಿ ನೋಡಿಕೊಳ್ಳುತ್ತೇನೆ ಎಂದಿದ್ದ ಗೀಸರು ಆರು ವರ್ಷದಿಂದ ಸೋರುತ್ತಿತ್ತು. ಆದರೆ ಅವನ ಕಣ್ಣಿನಲ್ಲಿದ್ದ ಹೆದರಿಕೆ ನಿಜವಾದದ್ದು ಎಂದು ಹೇಮಶ್ರೀಗೆ ಕಂಡಿತು. ಆದರೂ ಎದ್ದು ಚೀಲ ಹಿಡಿಯಲಿಲ್ಲ. "ಸಿಪ್ಯಾಪಿಗೆ ಒಂದು ತಿಂಗಳು ಟ್ರಯಲ್ ಕೊಡ್ತಾರೆ. ನಿಮಗೂ ಅಷ್ಟೇ. ಹಗಲು ಬಂದು ಅಡುಗೆ ಮಾಡಿಟ್ಟು, ಅತ್ತೇನ ನೋಡ್ಕೊಂಡು ಬರ್ತೀನಿ. ರಾತ್ರಿ ಮಲಗೋದು ಇಲ್ಲೇ. ಭಾಗ್ಯಜ್ಯೋತಿ ಒಪ್ಪಿದಾಳೆ," ಎಂದಳು.

"ಜನ ಏನಂತಾರೆ? ಹೆಂಡತಿ ಎಲ್ಲಿ ಅಂದ್ರೆ ಏನ್ ಹೇಳ್ಲಿ?"

"ಓಡಿಹೋದಳು ಅನ್ನಿ. ಯಾರ ಜೊತೆ ಅಂತ ಕೇಳಿದ್ರೆ ನಿದ್ದೆ ಜೊತೆ ಅನ್ನಿ."

ಕಿಟ್ಟಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. "ರಾತ್ರಿ ಅಮ್ಮ ಗಂಟೆ ಹೊಡೆದ್ರೆ ನಾನೇ ಏಳ್ಬೇಕಾ?"

"ಹೌದು."

"ನನಗೆ ಎಚ್ಚರ ಆಗಲ್ವಲ್ಲೇ."

"ಆಗುತ್ತೆ," ಎಂದಳು ಹೇಮಶ್ರೀ. "ಮದುವೆಗೆ ಮುಂಚೆ ನನಗೂ ಆಗ್ತಿರ್ಲಿಲ್ಲ."

ಕಾರಿನ ಬೀಗದ ಕೈ ತೆಗೆದುಕೊಂಡು ಅವಳು ಮೆಟ್ಟಿಲಿಳಿದಳು. ಕೆಳಗೆ ಮುನಿವೆಂಕಟಮ್ಮ ಬಂದು ಕಾಯುತ್ತಿದ್ದರು.